72ರ ಅಪ್ಪ, ಐದು ಲೆನ್ಸ್, ಮೂರು ವಾರ: ಇದಕ್ಕೆಲ್ಲ ಡೋಪಮೈನ್ ಕಾರಣವಾ?

ಕಿಟಕಿಪಕ್ಕ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 72. ಕಣ್ಣಿನ ಪೊರೆ ಆಪರೇಷನ್ ಮಾಡಿಸಬೇಕು. ಯಾವ ಲೆನ್ಸ್ ಹಾಕಿಸುವುದು ಅನ್ನುವುದು ಮೂರು ವಾರವಾದರೂ ಬಗೆಹರಿದಿಲ್ಲ.

ಆಸ್ಪತ್ರೆಯಲ್ಲಿ ಸಲಹೆ ಕೊಡುವವರು ಐದು ಬಗೆಯ ಲೆನ್ಸ್ ಪಟ್ಟಿ ಇದ್ದ ಹಾಳೆಯೊಂದನ್ನು ಮುಂದಿಟ್ಟರು. ಒಂದೊಂದರ ಬಗ್ಗೆ ಅರ್ಧ ನಿಮಿಷ ಹೇಳಿದರು. ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳು ಮೊದಲನೇ ಸಾಲಿನ ಮೇಲಿತ್ತು. ಅವರು ಮೂರನೆಯದನ್ನು ಹೇಳುವಾಗ ಬೆರಳು ಕೆಳಗೆ ಬಂತು, ಮತ್ತೆ ಮೊದಲನೆಯದಕ್ಕೇ ಹೋಯಿತು. ಐದನೆಯದು ಮುಗಿಯುವ ಹೊತ್ತಿಗೆ ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಯೋಚನೆ ಮಾಡಿ ಹೇಳುತ್ತೇನೆ" ಅಂದರು. ಆ ಸಲಹೆಗಾರರು ನನ್ನ ಕಡೆ ತಿರುಗಿ "ನೀವೇ ಹೇಳಿಬಿಡಿ ಮೇಡಂ" ಅಂದರು. ಅಪ್ಪ ಪಕ್ಕದಲ್ಲೇ ಕೂತಿದ್ದರು. ನನಗೆ ಆ ಮಾತು ಇನ್ನೂ ಚುಚ್ಚುತ್ತಿದೆ.

ಕೆಲಸದಲ್ಲಿದ್ದಾಗ ಅಪ್ಪ ನಲವತ್ತು ಜನರ ಕೆಲಸ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಒಂದು ಸಮಸ್ಯೆ ಬಂದರೆ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದರು. ಈಗ ತಮ್ಮ ಹೇಳುತ್ತಾನೆ, "ಅಪ್ಪನ ಕೈಲಿ ಇನ್ನು ಆಗಲ್ಲ, ಎಲ್ಲ ನಾವೇ ತೀರ್ಮಾನ ಮಾಡೋಣ" ಅಂತ. ವಯಸ್ಸಾದಂತೆ ಮಿದುಳಿನಲ್ಲಿ ಡೋಪಮೈನ್ ಕಡಿಮೆಯಾಗುತ್ತದೆ, ಅದಕ್ಕೇ ಹೀಗೆ ಅಂತ ಎಲ್ಲೋ ಓದಿದೆ. ನಿಜವಾ? ಇಲ್ಲಾ ಇದು ಮರೆವಿನ ಕಾಯಿಲೆಯ ಶುರುವಾ? ತಿಳಿದವರು ದಯವಿಟ್ಟು ಹೇಳಿ.

ಮೂರುಸಂಜೆ

ಅಕ್ಕ, ನಮ್ಮ ಮನೆಯಲ್ಲೂ ಇಂಥದ್ದೇ. ಅಮ್ಮನಿಗೆ 69. ಮಡಚಿದ ಬಟ್ಟೆ ಎತ್ತಿಕೊಂಡು ಮೇಲಿನ ಕೋಣೆಗೆ ಹೊರಡುತ್ತಾರೆ. ಅಷ್ಟರಲ್ಲಿ ಫೋನ್ ಬಂತು ಅಂದರೆ ಬಟ್ಟೆಯನ್ನು ಅಲ್ಲೇ ಇಟ್ಟು ಮಾತನಾಡುತ್ತಾರೆ. ಮಾತು ಮುಗಿದ ಮೇಲೆ ಬರಿಗೈಯಲ್ಲಿ ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ, ಯಾಕೆ ಹೊರಟಿದ್ದೆ ಅಂತ. ಬಟ್ಟೆ ಕಣ್ಣಿಗೆ ಬಿದ್ದ ತಕ್ಷಣ ಎಲ್ಲ ನೆನಪಾಗುತ್ತದೆ. ಇದೂ ಡೋಪಮೈನಾ? ಅದನ್ನು ಜಾಸ್ತಿ ಮಾಡುವ ಮಾತ್ರೆ ಇದ್ದರೆ ಕೊಡಬಹುದಾ?

ನರತಂತು

ನಾನು ಮಿದುಳಿನ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಡೋಪಮೈನ್ ಅಂದರೆ ಖುಷಿ ಕೊಡುವ ರಾಸಾಯನಿಕ ಅಂತ ಎಲ್ಲೆಲ್ಲೂ ಬರೆಯುತ್ತಾರೆ. ಅಷ್ಟೇ ಅಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅದು ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ರಾಸಾಯನಿಕ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಡೋಪಮೈನ್ ತಯಾರಿಸುವವು ಕೆಲವೇ ಲಕ್ಷ. ಹೆಚ್ಚಿನವು ಮಿದುಳಿನ ಕೆಳಗೆ, ನಡುಭಾಗದ ಪುಟ್ಟ ಜಾಗದಲ್ಲಿವೆ. ಆದರೆ ಅವುಗಳ ಕವಲುಗಳು ದೂರದೂರದವರೆಗೆ ಹರಡಿವೆ. ಹಾಗಾಗಿ ಅಲ್ಲಿ ಸ್ವಲ್ಪ ಏರುಪೇರಾದರೂ ಹಲವು ಕೆಲಸಗಳ ಮೇಲೆ ಪರಿಣಾಮ ಕಾಣುತ್ತದೆ.

ಒಂದು ಕೆಲಸ ಕಲಿಕೆಗೆ ಸಂಬಂಧಿಸಿದ್ದು. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಲ್ಲಿ ಇದನ್ನು ನೋಡಿದರು. ಮೊದಮೊದಲು ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಚುರುಕಾದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ರಸಕ್ಕಲ್ಲ, ದೀಪಕ್ಕೇ ಚುರುಕಾದವು. ದೀಪ ಹತ್ತಿಯೂ ರಸ ಬರದಿದ್ದರೆ ಇದ್ದ ಚಟುವಟಿಕೆಯೂ ಕುಸಿಯಿತು. ಅಂದರೆ ಆ ಕೋಶಗಳು ಲೆಕ್ಕ ಹಾಕುವುದು "ಸಿಕ್ಕಿತಾ" ಅಂತ ಅಲ್ಲ, "ಅಂದುಕೊಂಡದ್ದಕ್ಕಿಂತ ಜಾಸ್ತಿಯಾ ಕಡಿಮೆಯಾ" ಅಂತ. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟೇಗ್ ಸೇರಿ ಇದನ್ನು ಬರೆದರು. ಯಾವುದನ್ನು ಮತ್ತೆ ಮಾಡಬೇಕು, ಯಾವುದನ್ನು ಬಿಡಬೇಕು ಅಂತ ನಾವು ಕಲಿಯುವುದರಲ್ಲಿ ಈ ಲೆಕ್ಕದ ಪಾಲು ದೊಡ್ಡದು.

ಇನ್ನೊಂದು ಕೆಲಸ ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿ. ಒಂದು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಬೇರೆ ಗದ್ದಲ ಬಂದರೂ ಕೈಬಿಡದಿರುವುದು. 1979ರಲ್ಲಿ ಕೋತಿಗಳ ಮಿದುಳಿನ ಮುಂಭಾಗದಲ್ಲಿ ಡೋಪಮೈನ್ ಮಾತ್ರ ಖಾಲಿ ಮಾಡಿ ನೋಡಿದರು. ಕೆಲವು ಸೆಕೆಂಡ್ ಹಿಂದೆ ಕಂಡದ್ದನ್ನು ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಅವು ಎಷ್ಟು ಸೋತವೆಂದರೆ, ಆ ಭಾಗವನ್ನೇ ಕತ್ತರಿಸಿ ತೆಗೆದಷ್ಟರ ಮಟ್ಟಿಗೆ.

ಈಗ ವಯಸ್ಸಿನ ವಿಷಯ. ಬದುಕಿರುವ ಮನುಷ್ಯರ ಮಿದುಳಿನಲ್ಲಿ ಡೋಪಮೈನ್ ರಿಸೆಪ್ಟರ್‌ಗಳನ್ನು, ಅಂದರೆ ಡೋಪಮೈನ್ ತರುವ ಸಂದೇಶವನ್ನು ಹಿಡಿದುಕೊಳ್ಳುವ ನರಕೋಶದ ಭಾಗಗಳನ್ನು, ಪೆಟ್ ಸ್ಕ್ಯಾನ್‌ನಿಂದ ಅಳೆಯುವುದು 1980ರ ದಶಕದಲ್ಲಿ ಶುರುವಾಯಿತು. ಅಂದಿನಿಂದ ಮತ್ತೆ ಮತ್ತೆ ಕಂಡದ್ದು ಇದು: ಇಪ್ಪತ್ತರ ಹರೆಯದಿಂದಲೇ ಪ್ರತಿ ಹತ್ತು ವರ್ಷಕ್ಕೆ ಸುಮಾರು 5ರಿಂದ 10 ಶೇಕಡಾ ರಿಸೆಪ್ಟರ್‌ಗಳು ಕಡಿಮೆಯಾಗುತ್ತಾ ಹೋಗುತ್ತವೆ. ಅರವತ್ತರಲ್ಲಿ ಶುರುವಾಗುವುದಲ್ಲ. ನಿಮ್ಮ ತಮ್ಮನಿಗೂ ಶುರುವಾಗಿದೆ, ನನಗೂ ಶುರುವಾಗಿದೆ.

ನಿಮ್ಮ ಅಪ್ಪನ ಹೆಬ್ಬೆರಳಿನ ವಿಷಯಕ್ಕೆ ಬರೋಣ. ಐದು ಲೆನ್ಸ್, ಒಂದೊಂದಕ್ಕೂ ನಾಲ್ಕೈದು ಗುಣ. ಮೂರನೆಯದನ್ನು ಕೇಳುವಾಗ ಮೊದಲನೆಯದು ಮನಸ್ಸಿನಿಂದ ಜಾರಬಾರದು. ಆ ಹಿಡಿತ ವಯಸ್ಸಾದಂತೆ ಸಡಿಲವಾಗುತ್ತದೆ. ಬೆರಳು ಮೊದಲನೇ ಸಾಲಿಗೆ ಹೋದದ್ದು ಜಾರುತ್ತಿದ್ದುದನ್ನು ಮತ್ತೆ ಹಿಡಿಯುವುದಕ್ಕೆ ಇರಬಹುದು. ಎರಡೂವರೆ ನಿಮಿಷದಲ್ಲಿ ಅಷ್ಟನ್ನು ಹೇಳಿ ಉತ್ತರ ಕೇಳಿದರೆ ನಲವತ್ತರವರಿಗೂ ಕಷ್ಟ. ನಿಮ್ಮ ಅಪ್ಪ ಹಾಳೆ ಮಡಚಿ ಜೇಬಿಗಿಟ್ಟರಲ್ವಾ, ಅದು ಒಳ್ಳೆಯ ತೀರ್ಮಾನ. ಗಡಿಬಿಡಿಯಲ್ಲಿ ಒಂದನ್ನು ತೋರಿಸಿಬಿಟ್ಟಿದ್ದರೆ ನಾನು ಜಾಸ್ತಿ ಚಿಂತೆ ಮಾಡುತ್ತಿದ್ದೆ.

ಅಳತೆಗೋಲು

ನರತಂತು ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ಹತ್ತು ವರ್ಷಕ್ಕೆ 10 ಶೇಕಡಾ ಅಂದರೆ ಇಪ್ಪತ್ತರಿಂದ ಎಪ್ಪತ್ತಕ್ಕೆ ಬರುವ ಹೊತ್ತಿಗೆ ಸುಮಾರು 40 ಶೇಕಡಾ ಹೋಗಿರುತ್ತದೆ. ಅಷ್ಟು ಹೋದವರು ನಮ್ಮ ಸುತ್ತ ಆರಾಮಾಗಿ ಮನೆ ನಡೆಸುತ್ತಿದ್ದಾರೆ, ಲೆಕ್ಕ ಬರೆಯುತ್ತಿದ್ದಾರೆ, ಪುಸ್ತಕ ಬರೆಯುತ್ತಿದ್ದಾರೆ. ವಯಸ್ಸಾದಂತೆ ಕೂದಲೂ ನೆರೆಯುತ್ತದೆ. ಕೂದಲು ನೆರೆತದ್ದರಿಂದ ನಿಧಾನವಾದರು ಅನ್ನುವುದಿಲ್ಲವಲ್ಲ? ಎರಡೂ ಜೊತೆಗೆ ಆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಅಂತ ಹೇಗೆ ಹೇಳುವುದು?

ನರತಂತು

ಈ ಪ್ರಶ್ನೆ ಬರಲೇಬೇಕಿತ್ತು. ಸ್ಕ್ಯಾನ್ ಮಾತ್ರ ನೋಡಿದರೆ ನೀವು ಹೇಳುವುದು ಸರಿ. ಅದಕ್ಕೇ ಡೋಪಮೈನ್ ಅನ್ನೇ ಬದಲಾಯಿಸಿ ನೋಡಿದ ಪ್ರಯೋಗಗಳು ಮುಖ್ಯ.

2013ರಲ್ಲಿ ಲಂಡನ್‌ನಲ್ಲಿ ಎಪ್ಪತ್ತರ ಆಸುಪಾಸಿನ ಆರೋಗ್ಯವಂತರಿಗೆ ಲೆವೊಡೋಪಾ ಕೊಟ್ಟು ನೋಡಿದರು. ಇದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿ, ಮಿದುಳಿನೊಳಗೆ ಹೋಗಿ ಡೋಪಮೈನ್ ಆಗುತ್ತದೆ. ಆಟ ಸರಳ. ಪರದೆಯ ಮೇಲೆ ಎರಡು ಚಿತ್ರ. ಯಾವುದನ್ನು ಆರಿಸಿದರೆ ಜಾಸ್ತಿ ಸಲ ಗೆಲುವು ಅಂತ ಆಡುತ್ತಾ ಕಂಡುಕೊಳ್ಳಬೇಕು. ಔಷಧಿ ಇಲ್ಲದಾಗ ಹಿಂದೆ ಬಿದ್ದಿದ್ದ ಕೆಲವರು, ಔಷಧಿ ತೆಗೆದುಕೊಂಡ ದಿನ ಎಳೆಯರ ಮಟ್ಟಕ್ಕೆ ಬಂದರು. ಮಿದುಳಿನಲ್ಲಿ ಕಾಣದೇ ಹೋಗಿದ್ದ ಆ "ಜಾಸ್ತಿಯಾ ಕಡಿಮೆಯಾ" ಲೆಕ್ಕವೂ ಮತ್ತೆ ಕಂಡಿತು. ಕೂದಲಿಗೆ ಬಣ್ಣ ಹಚ್ಚಿದರೆ ಹೀಗಾಗುವುದಿಲ್ಲ ಅಲ್ವಾ.

ಆದರೆ ಎಲ್ಲರಿಗೂ ಹಾಗಾಗಲಿಲ್ಲ. ಔಷಧಿಯಿಲ್ಲದೇ ಚೆನ್ನಾಗಿ ಆಡುತ್ತಿದ್ದವರಲ್ಲಿ ಕೆಲವರು ಔಷಧಿಯ ದಿನ ಕೆಟ್ಟದಾಗಿ ಆಡಿದರು. ಮೂರುಸಂಜೆ ಅವರೇ, ಮಾತ್ರೆ ಕೊಡಬಹುದಾ ಅಂತ ಕೇಳಿದ್ದಿರಲ್ಲ, ಉತ್ತರ ಇಲ್ಲೇ ಇದೆ. ಮಿದುಳಿನ ಮುಂಭಾಗಕ್ಕೆ ಡೋಪಮೈನ್ ಕಡಿಮೆಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಬೆಟ್ಟ ಹತ್ತಿದ ಹಾಗೆ: ಒಂದು ತುದಿಯವರೆಗೆ ಮೇಲೆ, ಅದನ್ನು ದಾಟಿದರೆ ಆ ಕಡೆ ಇಳಿಜಾರು. ಯಾರು ಬೆಟ್ಟದ ಯಾವ ಬದಿಯಲ್ಲಿದ್ದಾರೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಜೀನ್‌ಗಳ ಮೇಲೂ ಅದು ನಿಂತಿದೆ.

ಇನ್ನೊಂದು ವಿಷಯ. ವಯಸ್ಸಾದಂತೆ ಡೋಪಮೈನ್ ತಯಾರಿಸುವ ಶಕ್ತಿ ರಿಸೆಪ್ಟರ್‌ಗಳ ಹಾಗೆ ಕುಸಿಯುವುದಿಲ್ಲ. ಹಾಗಾಗಿ "ಡೋಪಮೈನ್ ಕಡಿಮೆಯಾಗುತ್ತದೆ" ಅನ್ನುವುದು ಅರ್ಧ ಸರಿ. ಹೇಳುವವರು ಇದ್ದಾರೆ, ಕೇಳಿಸಿಕೊಳ್ಳುವವರು ಕಡಿಮೆಯಾಗಿದ್ದಾರೆ ಅಂತ ಇಟ್ಟುಕೊಳ್ಳಿ.

ಅಳತೆಗೋಲು

ಇದು ಒಪ್ಪುವಂಥದ್ದು. ಆದರೂ ಎಲ್ಲವನ್ನೂ ಒಂದೇ ರಾಸಾಯನಿಕದ ತಲೆಗೆ ಕಟ್ಟಬಾರದು. ನರಗಳ ಸಂಪರ್ಕದ ಬಿಳಿ ಭಾಗವೂ ಸವೆಯುತ್ತದೆ, ರಕ್ತನಾಳಗಳೂ ಗಟ್ಟಿಯಾಗುತ್ತವೆ.

ನರತಂತು

ಖಂಡಿತ. ಡೋಪಮೈನ್ ಈ ಕಥೆಯ ಒಂದು ಪಾತ್ರ, ಇಡೀ ಕಥೆಯಲ್ಲ.

ಮೂರುಸಂಜೆ ಅವರ ಅಮ್ಮನ ಬಗ್ಗೆ ಹೇಳುವುದು ಮರೆತೆ. ಟಾಡ್ ಬ್ರೇವರ್ ಅನ್ನುವ ವಿಜ್ಞಾನಿ ಮನಸ್ಸಿನ ಹಿಡಿತದಲ್ಲಿ ಎರಡು ಬಗೆ ಗುರುತಿಸಿದ್ದಾರೆ. ಒಂದು, ಗುರಿಯನ್ನು ಮೊದಲಿನಿಂದ ಕೊನೆಯವರೆಗೂ ಮನಸ್ಸಿನಲ್ಲಿ ಹೊತ್ತುಕೊಂಡೇ ಹೋಗುವುದು. ಇನ್ನೊಂದು, ಗುರಿಯನ್ನು ಕೆಳಗಿಟ್ಟು, ಎದುರಿಗೆ ಸುಳಿವು ಕಂಡಾಗ ಎತ್ತಿಕೊಳ್ಳುವುದು. ವಯಸ್ಸಾದಂತೆ ನಾವು ಮೊದಲನೆಯದರಿಂದ ಎರಡನೆಯದರ ಕಡೆ ಸರಿಯುತ್ತೇವೆ. ನಿಮ್ಮ ಅಮ್ಮನಿಗೆ ಬಟ್ಟೆ ಕಂಡ ತಕ್ಷಣ ನೆನಪು ಬಂತಲ್ಲ, ನೀವು ಬರೆದದ್ದು ಪಾಠದಲ್ಲಿ ಕೊಡುವ ಉದಾಹರಣೆಯ ಹಾಗೇ ಇದೆ. ಸುಳಿವು ಕಂಡರೆ ಕೆಲಸ ಸರಿಯಾಗಿ ಆಗುತ್ತದೆ. ಹಾಗಾಗಿ ಸುಳಿವನ್ನು ದಾರಿಯಲ್ಲೇ ಇಡಿ. ಬಟ್ಟೆಯನ್ನು ಮೇಜಿನ ಮೇಲಲ್ಲ, ಮೆಟ್ಟಿಲ ಮೇಲೇ ಇಡಲು ಹೇಳಿ.

ಮೂರುಸಂಜೆ

ಓದುವಾಗ ಕಣ್ಣು ತುಂಬಿತು. ಮಾತ್ರೆ ಡಬ್ಬಿಯನ್ನು ಅಮ್ಮ ಕನ್ನಡಕದ ಪೆಟ್ಟಿಗೆಯ ಮೇಲೆ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಕನ್ನಡಕಕ್ಕೆ ಕೈ ಹಾಕಿದರೆ ಮಾತ್ರೆ ಸಿಗುತ್ತದೆ. "ಇಲ್ಯಾಕಮ್ಮ ಇಡುತ್ತೀಯ" ಅಂತ ನಾನು ಎಷ್ಟೋ ಸಲ ತೆಗೆದು ಕಪಾಟಿನಲ್ಲಿಟ್ಟಿದ್ದೇನೆ. ಇನ್ನು ಮುಟ್ಟುವುದಿಲ್ಲ.

ಸಾಲುದೀಪ

ಡೋಪಮೈನ್ ಜಾಸ್ತಿ ಆದರೆ ಏನಾಗುತ್ತದೆ ಅಂತ ನಾನು ಹೇಳಬಲ್ಲೆ. ನನ್ನ ಯಜಮಾನರಿಗೆ ಪಾರ್ಕಿನ್ಸನ್. ಈಗ 66. ನಾಲ್ಕು ವರ್ಷದ ಹಿಂದೆ, ಡೋಪಮೈನ್ ಹಾಗೆಯೇ ಕೆಲಸ ಮಾಡುವ ಮಾತ್ರೆ ಕೊಟ್ಟರು. ಕೈ ನಡುಕ ಕಡಿಮೆಯಾಯಿತು, ನಡಿಗೆ ಸರಿಹೋಯಿತು. ನಮಗೆ ಹೊಸ ಜೀವ ಬಂದ ಹಾಗಾಯಿತು.

ಆರು ತಿಂಗಳ ಮೇಲೆ ಒಂದು ದಿನ ಮಂಚದ ಕೆಳಗೆ ಗುಡಿಸಲು ಹೋದೆ. ಪೊರಕೆ ಮುಂದೆ ಹೋಗಲಿಲ್ಲ. ಬಗ್ಗಿ ನೋಡಿದರೆ ಪಾರ್ಸೆಲ್ ಪೆಟ್ಟಿಗೆಗಳು, ಗೋಡೆಯ ತನಕ. ಒಂದೂ ಒಡೆದಿರಲಿಲ್ಲ. ಒಂದೇ ಬಗೆಯ ಟಾರ್ಚ್ ಏಳು ಇತ್ತು. ರಾತ್ರಿ ನಾನು ಮಲಗಿದ ಮೇಲೆ ಫೋನ್ ಹಿಡಿದು ಕೊಳ್ಳುತ್ತಿದ್ದರು. ಜೀವನವಿಡೀ ಒಂದು ಕಾಸು ಸುಮ್ನೆ ಖರ್ಚು ಮಾಡಿದವರಲ್ಲ. ಕೇಳಿದರೆ ಅತ್ತುಬಿಟ್ಟರು. "ಬೇಡ ಅಂತ ಗೊತ್ತು, ಆದರೆ ಕೈ ನಿಲ್ಲಲ್ಲ" ಅಂದರು.

ನಾನು ಮೂರು ವಾರ ಅವರ ಜೊತೆ ಮಾತು ಬಿಟ್ಟೆ. ಆ ಮೂರು ವಾರ ನೆನೆದರೆ ಈಗಲೂ ಸಂಕಟವಾಗುತ್ತದೆ. ಮಾತ್ರೆಯಿಂದ ಹೀಗಾಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಬೇರೆ ಡಾಕ್ಟರ್ ಒಬ್ಬರು ಕೇಳಿದ ಮೊದಲ ಪ್ರಶ್ನೆಯೇ "ಇತ್ತೀಚೆಗೆ ಖರೀದಿ, ಜೂಜು, ಊಟ ಯಾವುದಾದರೂ ಮಿತಿ ಮೀರಿದೆಯಾ" ಅಂತ. ಅವರು ಮಾತ್ರೆಯನ್ನು ಮೆಲ್ಲಗೆ ಇಳಿಸಿ ಬೇರೆ ಕೊಟ್ಟರು. ಎರಡು ತಿಂಗಳಲ್ಲಿ ನಿಂತಿತು.

ಮಾತ್ರೆಡಬ್ಬಿ

ಸಾಲುದೀಪ ಅಮ್ಮ, ನೀವು ಇದನ್ನು ಹೇಳಿಕೊಂಡದ್ದು ದೊಡ್ಡ ಉಪಕಾರ. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಎಷ್ಟೋ ಮನೆಯವರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ.

ಇದು ಅಪರೂಪದ್ದಲ್ಲ. 2010ರಲ್ಲಿ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿದ ದೊಡ್ಡ ಅಧ್ಯಯನ ಬಂತು. ಈ ಬಗೆಯ ಮಾತ್ರೆ, ಅಂದರೆ ಡೋಪಮೈನ್ ಅಗೊನಿಸ್ಟ್, ತೆಗೆದುಕೊಳ್ಳುತ್ತಿದ್ದವರಲ್ಲಿ 17.1 ಶೇಕಡಾ ಜನರಿಗೆ ಇಂಥ ತಡೆಯಲಾಗದ ತುಡಿತ ಇತ್ತು. ತೆಗೆದುಕೊಳ್ಳದವರಲ್ಲಿ 6.9 ಶೇಕಡಾ. ಹಾಗಂತ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಪಾರ್ಕಿನ್ಸನ್ ಔಷಧಿಯನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ್ ಜೊತೆ ಮಾತನಾಡಿ.

ಇನ್ನು ನಸುಗುನ್ನಿ ಬೀಜದ ಪುಡಿ, ಕ್ಯಾಪ್ಸೂಲ್. "ನೈಸರ್ಗಿಕ, ಡೋಪಮೈನ್ ಹೆಚ್ಚಿಸುತ್ತದೆ" ಅಂತ ಜನ ಕೇಳಿಕೊಂಡು ಬರುತ್ತಾರೆ. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ನಿಜವಾಗಿ ಇರುವುದರಿಂದಲೇ ನನಗೆ ಭಯ. ನರತಂತು ಹೇಳಿದ ಬೆಟ್ಟದ ಆ ಕಡೆಯ ಇಳಿಜಾರು ನೆನಪಿಡಿ. ರಕ್ತದೊತ್ತಡ ಇಳಿಯಬಹುದು, ಬೇರೆ ಮಾತ್ರೆಗಳ ಜೊತೆ ಹೊಂದದೇ ಇರಬಹುದು. ಆರೋಗ್ಯವಾಗಿರುವ ವಯಸ್ಸಾದವರಿಗೆ ಚುರುಕಾಗಲಿ ಅಂತ ಕೊಡುವಂಥದ್ದಲ್ಲ.

ನಾನು ಎಲ್ಲರಿಗೂ ಹೇಳುವುದು ಇನ್ನೊಂದು ಮಾತು. ಹೊಸ ಮಾತ್ರೆ ಹುಡುಕುವ ಮೊದಲು, ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನು ನೋಡಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಡೋಪಮೈನ್ ರಿಸೆಪ್ಟರ್‌ಗಳನ್ನೇ ಮುಚ್ಚುತ್ತದೆ. ವಯಸ್ಸಾದವರಲ್ಲಿ ಅದರಿಂದಲೇ ಪಾರ್ಕಿನ್ಸನ್ ಹಾಗೆ ಕಾಣುವ ನಡುಕ, ಬಿಗಿತ ಬರಬಹುದು. ಅಲರ್ಜಿಗೆ ಮತ್ತು ನಿದ್ದೆಗೆ ಅಂತ ತೆಗೆದುಕೊಳ್ಳುವ ಕೆಲವು ಹಳೆಯ ಮಾತ್ರೆಗಳು ತಲೆಯನ್ನು ಮಂಕು ಮಾಡುತ್ತವೆ. ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋಗಿ, ಒಂದೊಂದಾಗಿ ತೋರಿಸಿ.

ಎಪ್ಪತ್ನಾಲ್ಕು

ನನ್ನ ವಯಸ್ಸೇ ನನ್ನ ಹೆಸರು. ನೀವೆಲ್ಲ ಯಾರ ಬಗ್ಗೆ ಮಾತನಾಡುತ್ತಿದ್ದೀರೋ ಅವರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ.

ಒಳಗಿನಿಂದ ಇದು ಹೇಗಿರುತ್ತದೆ ಅಂತ ಹೇಳುತ್ತೇನೆ. ಪರಿಚಯವಿರುವ ವಿಷಯವಾದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಯಾರಾದರೂ ಕರಾರು ಪತ್ರ ತಂದುಕೊಟ್ಟರೆ ಎಲ್ಲಿ ಕೊಕ್ಕೆ ಇದೆ ಅಂತ ನನ್ನ ಮಗನಿಗಿಂತ ಬೇಗ ಕಾಣುತ್ತದೆ. ಅದು ನನ್ನ ಕೆಲಸವಾಗಿತ್ತು. ಆದರೆ ಹೊಸ ವಿಷಯ, ಜೊತೆಗೆ ಯಾರೋ ಎದುರಿಗೆ ನಿಂತು ಕಾಯುತ್ತಿದ್ದಾರೆ, ಹಿಂದೆ ಟಿವಿ ಓಡುತ್ತಿದೆ ಅಂದರೆ ಆಗುವುದಿಲ್ಲ. ಯೋಚನೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ ಶುರು. ಆ ಹೊತ್ತಿಗೆ ಎದುರಿನವರ ಮುಖದಲ್ಲಿ ಒಂದು ಬಗೆಯ ಕನಿಕರ ಕಾಣುತ್ತದೆ. ಅದನ್ನು ನೋಡಿದ ಮೇಲೆ ಇದ್ದ ಯೋಚನೆಯೂ ಹಾರಿಹೋಗುತ್ತದೆ.

ಹತ್ತು ನಿಮಿಷ ಒಬ್ಬನೇ ಕೂತರೆ ಎಲ್ಲ ಸರಿಯಾಗುತ್ತದೆ. ಆ ಹತ್ತು ನಿಮಿಷ ಕೊಡುವವರು ಕಡಿಮೆ.

ಇನ್ನೊಂದು ಬದಲಾವಣೆ ನಾನು ಗಮನಿಸಿದ್ದೇನೆ. ಮೊದಲು "ಗೆದ್ದರೆ ಒಳ್ಳೆಯದೇ ಆಯಿತು, ನೋಡೋಣ" ಅಂತ ಹೊರಡುತ್ತಿದ್ದೆ. ಈಗ ಆ ತುಡಿತವೇ ಏಳುವುದಿಲ್ಲ. ಹೆದರಿಕೆ ಜಾಸ್ತಿಯಾಗಿದೆ ಅಂತ ಅಲ್ಲ. ಆಸೆ ಎಳೆಯುವುದು ಕಡಿಮೆಯಾಗಿದೆ. ಇದಕ್ಕೂ ವಿಜ್ಞಾನದಲ್ಲಿ ಏನಾದರೂ ಹೇಳಿದ್ದಾರಾ?

ನರತಂತು

ಸರ್, ನಮಸ್ಕಾರ. ನೀವು ಕಂಡುಕೊಂಡದ್ದನ್ನೇ 25,189 ಜನರ ಮೇಲೆ ನೋಡಿದ್ದಾರೆ. 2016ರಲ್ಲಿ ಬಂದ ಅಧ್ಯಯನ. ಹದಿನೆಂಟರಿಂದ ಅರವತ್ತೊಂಬತ್ತು ವರ್ಷದವರು ಮೊಬೈಲ್‌ನಲ್ಲಿ ಒಂದು ಆಟ ಆಡಿದರು. ಖಚಿತವಾಗಿ ಸಿಗುವ ಕೆಲವು ಅಂಕ ಬೇಕಾ, ಇಲ್ಲಾ ಜಾಸ್ತಿ ಸಿಗಬಹುದಾದ ಪಂದ್ಯ ಬೇಕಾ? ಗೆಲ್ಲುವ ಆಸೆಯಿದ್ದ ಕಡೆ ವಯಸ್ಸಾದವರು ಪಂದ್ಯ ಕಟ್ಟುವುದು ಕಡಿಮೆಯಿತ್ತು. ಆದರೆ ನಷ್ಟ ತಪ್ಪಿಸುವ ಕಡೆ ಎಳೆಯರಿಗೂ ವಯಸ್ಸಾದವರಿಗೂ ವ್ಯತ್ಯಾಸವೇ ಇರಲಿಲ್ಲ. ಅಂದರೆ ನೀವು ಹೇಳಿದ್ದೇ: ಹೆದರಿಕೆ ಬೆಳೆದದ್ದಲ್ಲ, ಆಸೆಯ ಎಳೆತ ಇಳಿದದ್ದು. ಅದೇ ತಂಡ ಅದಕ್ಕೂ ಮೊದಲು ಎಳೆಯರಿಗೆ ಲೆವೊಡೋಪಾ ಕೊಟ್ಟಾಗ ಬದಲಾದದ್ದೂ ಅದೇ ಎಳೆತ, ನಷ್ಟದ ಕಡೆಯದ್ದಲ್ಲ.

ಕರಾರು ಪತ್ರದ ಮಾತಿಗೂ ಆಧಾರವಿದೆ. ಅಮೆರಿಕದಲ್ಲಿ ಜನ ಸಾಲ, ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ಮಾಡುವ ತಪ್ಪುಗಳನ್ನು ವಯಸ್ಸಿನ ಪ್ರಕಾರ ನೋಡಿ 2009ರಲ್ಲಿ ಬರೆದರು. ಅತಿ ಕಡಿಮೆ ತಪ್ಪು ಮಾಡಿದ್ದು 53ರ ಆಸುಪಾಸಿನವರು, ಇಪ್ಪತ್ತೈದರವರಲ್ಲ. ಹೊಸದನ್ನು ಹಿಡಿದಿಡುವ ಶಕ್ತಿ ಇಳಿಯುತ್ತಿರುತ್ತದೆ, ಅನುಭವ ಏರುತ್ತಿರುತ್ತದೆ. ಎರಡೂ ಸೇರಿ ಚೆನ್ನಾಗಿ ಕೂಡುವ ವಯಸ್ಸು ಅದು. ಆಮೇಲೂ, ಅನುಭವ ಇರುವ ಕ್ಷೇತ್ರದಲ್ಲಿ ಅದು ಕೈ ಹಿಡಿಯುತ್ತದೆ.

ಅಳತೆಗೋಲು

ಹಾಗಾದರೆ ಫೋನ್ ಮಾಡಿ ಮೋಸ ಮಾಡುವವರಿಗೆ ವಯಸ್ಸಾದವರು ಯಾಕೆ ಸಿಕ್ಕಿಬೀಳುತ್ತಾರೆ? ನನ್ನ ಮಾವನಿಗೆ ಹೋದ ವರ್ಷ ಹೀಗಾಯಿತು. ಲೆಕ್ಕದಲ್ಲಿ ಪಕ್ಕಾ ಮನುಷ್ಯ.

ನರತಂತು

ಆ ಕರೆ ಹೇಗಿತ್ತು ಅಂತ ನೆನಪಿಸಿಕೊಳ್ಳಿ. "ಫೋನ್ ಇಡಬೇಡಿ, ಅರ್ಧ ಗಂಟೆಯಲ್ಲಿ ಖಾತೆ ಬಂದ್ ಆಗುತ್ತದೆ, ಈಗಲೇ ನಂಬರ್ ಹೇಳಿ." ಒಂದರ ಮೇಲೊಂದು ಸೂಚನೆ, ಉಸಿರಾಡಲು ಬಿಡುವುದಿಲ್ಲ. ಮನಸ್ಸಿನ ಹಿಡಿತದ ಯಾವ ಜಾಗ ಸಡಿಲವೋ ಅಲ್ಲಿಗೇ ಅವರು ಕೈ ಹಾಕುತ್ತಾರೆ. "ಇದು ಮೋಸ ಇರಬಹುದು" ಅನ್ನುವ ಯೋಚನೆ ಬಂದಿರುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳಲು ಅವರು ಬಿಡುವುದಿಲ್ಲ. ಇದಕ್ಕೆ ಇನ್ನೊಂದು ಸೇರುತ್ತದೆ. 2012ರಲ್ಲಿ ಬಂದ ಅಧ್ಯಯನದಲ್ಲಿ, ನಂಬಲಾಗದ ಮುಖಗಳನ್ನು ನೋಡಿದಾಗ "ಏನೋ ಸರಿಯಿಲ್ಲ" ಅಂತ ಒಳಗೆ ಎಚ್ಚರಿಸುವ ಮಿದುಳಿನ ಭಾಗ ವಯಸ್ಸಾದವರಲ್ಲಿ ಅಷ್ಟು ಚುರುಕಾಗಲಿಲ್ಲ.

ನಿಮ್ಮ ಮಾವನ ಹತ್ತಿರ "ಎಷ್ಟು ಹೇಳಿದ್ದೆ" ಅಂತ ಮಾತ್ರ ಅನ್ನಬೇಡಿ. ಫೋನ್ ಪಕ್ಕ ಒಂದು ಚೀಟಿ ಅಂಟಿಸಿ: "ಇಟ್ಟುಬಿಡು, ಆಮೇಲೆ ಯೋಚಿಸು." ಸುಳಿವು ಕಣ್ಣೆದುರೇ ಇರಲಿ.

ಕಿಟಕಿಪಕ್ಕ

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಒಂದು ಭಯ ಇನ್ನೂ ಉಳಿದಿದೆ. ಇದು ವಯಸ್ಸಿನ ಸಹಜ ನಿಧಾನವಾ, ಕಾಯಿಲೆಯ ಶುರುವಾ ಅಂತ ಹೇಗೆ ತಿಳಿಯುವುದು?

ನರತಂತು

ಇದನ್ನು ಡಾಕ್ಟರೇ ನೋಡಿ ಹೇಳಬೇಕು. ಯಾವಾಗ ತೋರಿಸಬೇಕು ಅನ್ನುವುದನ್ನು ಹೇಳುತ್ತೇನೆ. ದಿನಾ ಮಾಡುವ ಕೆಲಸವೇ ತಪ್ಪಲು ಶುರುವಾದರೆ. ಕಟ್ಟಿದ ಬಿಲ್ಲನ್ನೇ ಮತ್ತೆ ಕಟ್ಟಿದರೆ. ಗೊತ್ತಿರುವ ದಾರಿಯಲ್ಲಿ ಕಳೆದುಹೋದರೆ. ಕೇಳಿದ ಪ್ರಶ್ನೆಯನ್ನು ಕೇಳಿದ್ದೇ ನೆನಪಿಲ್ಲದೆ ಮತ್ತೆ ಕೇಳಿದರೆ. ಕೆಲವೇ ತಿಂಗಳಲ್ಲಿ ಸ್ವಭಾವ ಬದಲಾದರೆ, ಇಷ್ಟದ ಕೆಲಸಗಳ ಮೇಲೂ ಆಸಕ್ತಿ ಹೋದರೆ. ಇವು ಬರೀ ನಿಧಾನ ಅಲ್ಲ, ತಡ ಮಾಡಬೇಡಿ.

ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯ ತೊಂದರೆ, ಕಿವಿ ಮಂದವಾಗಿರುವುದು, ಇವೆಲ್ಲ ಮರೆವಿನ ಹಾಗೇ ಕಾಣಬಹುದು. ಇವಕ್ಕೆ ಚಿಕಿತ್ಸೆ ಇದೆ. ಇನ್ನೊಂದನ್ನು ಯಾರೂ ಗಮನಿಸಿದ ಹಾಗಿಲ್ಲ: ನಿಮ್ಮ ಅಪ್ಪನಿಗೆ ಇರುವುದು ಕಣ್ಣಿನ ಪೊರೆ. ಆ ಹಾಳೆಯ ಅಕ್ಷರ ಎಷ್ಟು ದೊಡ್ಡದಿತ್ತು?

ಕಿಟಕಿಪಕ್ಕ

ತೀರಾ ಸಣ್ಣದು. ಅದೂ ಬೂದು ಬಣ್ಣದಲ್ಲಿ. ನನಗೆ ಹೊಳೆದೇ ಇರಲಿಲ್ಲ.

ಎಪ್ಪತ್ನಾಲ್ಕು

ಮಗಳೇ, ಎರಡು ವರ್ಷದ ಹಿಂದೆ ನನಗೂ ಆ ಆಪರೇಷನ್ ಆಗಿದೆ. ಒಂದೇ ಸಲ ಐದನ್ನು ಕೇಳಬೇಡ. ದೊಡ್ಡ ಅಕ್ಷರದಲ್ಲಿ ಎರಡನ್ನು ಬರೆದುಕೊಡು. ಒಂದನ್ನು ಬಿಟ್ಟ ಮೇಲೆ ಮುಂದಿನದು. ಬೆಳಿಗ್ಗೆ ಹೊತ್ತು ಕೇಳು. ಲೆನ್ಸ್ ಹೆಸರಿಗಿಂತ ಮೊದಲು, ಕಣ್ಣಿನಿಂದ ಅವರಿಗೆ ಏನು ಕೆಲಸ ಆಗಬೇಕು ಅಂತ ಕೇಳು. ಕೇಳಿ ಎದ್ದು ಬಾ, ಎದುರಿಗೆ ಕಾಯುತ್ತಾ ಕೂರಬೇಡ.

ಕಿಟಕಿಪಕ್ಕ

ಒಂಬತ್ತು ದಿನ ಆಯಿತು, ಆದದ್ದನ್ನು ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ತೆಗೆದುಕೊಂಡು ಅಪ್ಪನ ಹತ್ತಿರ ಹೋದೆ. ಅಪ್ಪ ಅದನ್ನು ನೋಡಿ, ಎದ್ದು ಹೋಗಿ, ಜೇಬಿನಲ್ಲಿಟ್ಟಿದ್ದ ಆ ಹಳೆಯ ಹಾಳೆಯನ್ನೇ ತಂದರು. ಮಡಿಕೆಯ ಜಾಗದಲ್ಲಿ ಹರಿಯುವಂತಾಗಿತ್ತು. ಅದರಲ್ಲಿ ಮೂರು ಲೆನ್ಸ್‌ಗಳ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದರು. ಮೊದಲ ವಾರದಲ್ಲೇ ಎಳೆದದ್ದಂತೆ. ಉಳಿದದ್ದು ಎರಡು. ಒಂದು, ದೂರಕ್ಕೆ ಮಾತ್ರ ಸ್ಪಷ್ಟವಾಗಿ ಕಾಣುವ ಲೆನ್ಸ್. ಅದಕ್ಕೆ ಓದಲು ಕನ್ನಡಕ ಬೇಕು. ಇನ್ನೊಂದು, ದೂರಕ್ಕೂ ಹತ್ತಿರಕ್ಕೂ ಆಗುವ ಮಲ್ಟಿಫೋಕಲ್. ಅದರ ಪಕ್ಕ ಒಂದು ಪ್ರಶ್ನೆಯ ಗುರುತು, ಕೆಳಗೆ ನಡುಗುವ ಅಕ್ಷರದಲ್ಲಿ "ರಾತ್ರಿ ದೀಪದ ಸುತ್ತ ಬಳೆ?"

ಆ ಸಲಹೆಗಾರರು ಮಾತಿನ ನಡುವೆ ಇದನ್ನು ಅಂದಿದ್ದರಂತೆ, ನನಗೆ ಕೇಳಿಸಿಯೇ ಇರಲಿಲ್ಲ. ಅಪ್ಪ ಸಂಜೆ ಕತ್ತಲಾದ ಮೇಲೆ ನಡೆಯಲು ಹೋಗುತ್ತಾರೆ. ಎದುರಿನ ಗಾಡಿಗಳ ದೀಪದ ಸುತ್ತ ಬಳೆ ಕಂಡರೆ ಹೇಗೆ ಅನ್ನುವ ಯೋಚನೆ. ಅದನ್ನು ಡಾಕ್ಟರ್ ಹತ್ತಿರವೇ ಕೇಳಬೇಕು ಅಂತ ಕಾಯುತ್ತಿದ್ದರು. ಮೂರು ವಾರ ನಾವು ಕೇಳಿದ್ದು "ಯಾವುದಪ್ಪಾ ಬೇಕು" ಅಂತ ಮಾತ್ರ. "ಇನ್ನೇನು ತಿಳಿಯಬೇಕು" ಅಂತ ಒಬ್ಬರೂ ಕೇಳಲಿಲ್ಲ.

ಮೊನ್ನೆ ಡಾಕ್ಟರ್ ಹತ್ತಿರ ಹೋದೆವು. ಮಲ್ಟಿಫೋಕಲ್‌ನಲ್ಲಿ ಅಂಥ ಬಳೆ ಕಾಣುವ ಸಂಭವ ಜಾಸ್ತಿ, ಎಷ್ಟೋ ಜನಕ್ಕೆ ದಿನ ಕಳೆದಂತೆ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗುವುದಿಲ್ಲ ಅಂದರು. "ಹಾಗಾದರೆ ಮೊದಲನೆಯದೇ ಇರಲಿ. ಓದಲು ಕನ್ನಡಕ ಹಾಕಿಕೊಂಡು ಮೂವತ್ತು ವರ್ಷವಾಗಿದೆ" ಅಂದರು ಅಪ್ಪ. ಎರಡು ನಿಮಿಷ ಆಗಿರಬಹುದು. ತಮ್ಮನೂ ಬಂದಿದ್ದ. ಏನೂ ಮಾತನಾಡಲಿಲ್ಲ, ಹಳೆಯ ಹಾಳೆಯನ್ನು ಕೈಗೆ ತೆಗೆದುಕೊಂಡು ಗೆರೆಗಳನ್ನು ನೋಡುತ್ತಾ ಕೂತಿದ್ದ.

ಹೊರಗೆ ಫಾರಂಗೆ ಸಹಿ ಹಾಕುವಾಗ ಆ ಸಲಹೆಗಾರರು ಪೆನ್ನನ್ನು ಮತ್ತೆ ನನ್ನ ಕಡೆಗೇ ಚಾಚಿದರು. ಅಪ್ಪ ಕೈ ಮುಂದೆ ಮಾಡಿ ಇಸಿದುಕೊಂಡರು. ಗುರುವಾರ ಆಪರೇಷನ್.

ಸಾಲುದೀಪ

ಓದಿ ತುಂಬಾ ಸಂತೋಷವಾಯಿತು. ಗುರುವಾರ ನಿಮ್ಮ ನೆನಪು ಇರುತ್ತದೆ.

ಎಪ್ಪತ್ನಾಲ್ಕು

ಆಪರೇಷನ್ ಆದ ಮೇಲೆ ಎರಡು ಮೂರು ಬಗೆಯ ಕಣ್ಣಿನ ಹನಿ ಕೊಡುತ್ತಾರೆ, ಒಂದೊಂದಕ್ಕೂ ಬೇರೆ ಹೊತ್ತು. ಬಾಟಲಿಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದೊಂದಕ್ಕೆ ಬೇರೆ ಬಣ್ಣದ ಟೇಪ್ ಸುತ್ತಿ, ಅದೇ ಬಣ್ಣದಲ್ಲಿ ಗೋಡೆಯ ಮೇಲೆ ಹೊತ್ತು ಬರೆಯಿರಿ. ಬಣ್ಣ ಯಾವುದು ಅಂತ ಅಪ್ಪನೇ ಆರಿಸಲಿ.